ಮುಖಬೆಲೆ ಬೇರೆ, ಬೆಲೆ ಬೇರೆ



2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದದ್ದರಿಂದ ಸಣ್ಣ ಬೆಳೆಗಾರರಾದ ನಮ್ಮ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ಸಾಲ ತೀರಿಸಿ ಉಳಿದದ್ದನ್ನು ಕಂಪನಿಗಳ ಷೇರಿಗೆ ಹಾಕುವವರು ನಮ್ಮಲ್ಲಿಯೂ ಇದ್ದಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಷೇರಿನ ಮುಖಬೆಲೆಯನ್ನು ತಪ್ಪಾಗಿ ಓದಿಕೊಂಡರೆ ಪೇಟೆಯಲ್ಲಿ ಸದಸ್ಯರಿಗೂ, ಇಲ್ಲಿ ಸಂಘಕ್ಕೂ ಕೇಡು.

ಕಂಪನಿಯು ತನ್ನ ಬಂಡವಾಳವನ್ನು ಪಾಲು ಮಾಡುವಾಗ ಒಂದೊಂದು ಪಾಲಿಗೆ ಇಟ್ಟ ಲೆಕ್ಕದ ಅಂಕಿಯೇ ಮುಖಬೆಲೆ. ಪಹಣಿಯಲ್ಲಿ ಬರೆದ ಕಂದಾಯದ ರೂಪಾಯಿ ನೋಡಿ ಯಾರೂ ತೋಟದ ಬೆಲೆ ಕಟ್ಟುವುದಿಲ್ಲವಷ್ಟೆ? ಇದೂ ಹಾಗೆಯೇ. 1993ರಲ್ಲಿ ಇನ್ಫೋಸಿಸ್ ತನ್ನ 10 ರೂಪಾಯಿಯ ಷೇರನ್ನು ಜನರಿಗೆ 95 ರೂಪಾಯಿಗೆ ಕೊಟ್ಟಿತು. ಮೇಲಿನ 85 ಪ್ರೀಮಿಯಂ. ಟಯರು ತಯಾರಿಸುವ ಎಂಆರ್‌ಎಫ್‌ನ 10 ರೂಪಾಯಿಯ ಷೇರು 2023ರ ಜೂನ್‌ನಲ್ಲಿ ಪೇಟೆಯಲ್ಲಿ ಒಂದು ಲಕ್ಷ ದಾಟಿತು. ಬೆಲೆ ಕಟ್ಟುವುದು ಕಂಪನಿಯ ಗಳಿಕೆ, ಸಾಲ, ಆಸ್ತಿ ಮತ್ತು ಮುಂದಿನ ನಿರೀಕ್ಷೆ. ಮುಖಬೆಲೆಯಷ್ಟಾದರೂ ಹಣ ವಾಪಸು ಬರುತ್ತದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಪೇಟೆ ಬೆಲೆ ಅದಕ್ಕಿಂತ ಕೆಳಗೂ ಇಳಿಯಬಹುದು.

ಹೆಚ್ಚಿನವರು ಎಡವುವುದು ಡಿವಿಡೆಂಡಿನ ಲೆಕ್ಕದಲ್ಲಿ. "ಶೇಕಡಾ 200 ಡಿವಿಡೆಂಡ್" ಎಂದರೆ ಅದು ಮುಖಬೆಲೆಯ ಮೇಲಿನ ಲೆಕ್ಕ. 10 ರೂಪಾಯಿಯ ಷೇರನ್ನು 1,000 ರೂಪಾಯಿ ಕೊಟ್ಟು ಕೊಂಡವನಿಗೆ ಸಿಗುವುದು 20 ರೂಪಾಯಿ. ಅವನು ಹಾಕಿದ ಹಣಕ್ಕೆ ಶೇಕಡಾ 2 ಮಾತ್ರ. ಇನ್ನು ಷೇರು ಎಲ್ಲವೂ 10 ಅಥವಾ 100 ರೂಪಾಯಿಯದೇ ಆಗಿರಬೇಕೆಂಬ ಕಟ್ಟುಪಾಡು 1999ರಲ್ಲಿ ಹೋಯಿತು. ಈಗ 1, 2, 5 ರೂಪಾಯಿಯವೂ ಇವೆ. 10ರ ಷೇರನ್ನು 5ರ ಎರಡು ಷೇರು ಮಾಡಿದರೆಂದು ಹಿಗ್ಗುವವರಿದ್ದಾರೆ. ಒಂದು ಮೂಟೆ ಕಾಫಿಯನ್ನು ಎರಡು ಚೀಲಕ್ಕೆ ಸುರಿದರೆ ಕಾಫಿ ಹೆಚ್ಚುವುದಿಲ್ಲ.

ಈಗ ನಮ್ಮ ಮನೆಯ ಮಾತು. "ಕಂಪನಿ ಷೇರು ಬೆಳೆಯುತ್ತದೆ, ಸಂಘದ ಷೇರು ಯಾಕೆ ಇದ್ದಲ್ಲೇ ಇದೆ?" ಎಂದು ತರುಣ ಸದಸ್ಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಹಕಾರ ಸಂಘದಲ್ಲಿ ಮುಖಬೆಲೆಯೇ ಬೆಲೆ. 1985ರಲ್ಲಿ 100 ರೂಪಾಯಿಗೆ ಪಡೆದ ಷೇರಿಗೆ ಸದಸ್ಯತ್ವ ಬಿಡುವಾಗ ಸಾಮಾನ್ಯವಾಗಿ ಸಿಗುವುದು ಅದೇ 100. ಅಷ್ಟರಲ್ಲಿ ರೂಪಾಯಿಯ ಶಕ್ತಿ ಎಷ್ಟು ಕುಗ್ಗಿದೆಯೆಂಬುದು ಎಲ್ಲರಿಗೂ ಗೊತ್ತು. ಹಣ ಬೆಳೆಸುವ ದೃಷ್ಟಿಯಿಂದ ನೋಡಿದರೆ ಇದು ನಷ್ಟವೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಸಂಘದ ಷೇರು ಹಣ ಬೆಳೆಸುವುದಕ್ಕೆ ಹುಟ್ಟಿದ್ದಲ್ಲ. ಕಂಪನಿಯಲ್ಲಿ ಷೇರಿನಷ್ಟು ಮತ; ಇಲ್ಲಿ ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದೇ ಮತ. ಲಾಭದ ಒಂದು ಪಾಲು ಯಾರಿಗೂ ಹಂಚಲಾಗದಂತೆ ಆಪದ್ಧನ ನಿಧಿಗೆ ಹೋಗುತ್ತದೆ. ಷೇರು ಬಂಡವಾಳ ಮತ್ತು ಈ ನಿಧಿಯನ್ನು ನೋಡಿಕೊಂಡೇ ಸಂಘ ಎಷ್ಟು ಸಾಲ ಎತ್ತಬಹುದೆಂಬುದು ನಿಗದಿಯಾಗುತ್ತದೆ. ಹತ್ತಾರು ಸದಸ್ಯರು ಷೇರು ಹಿಂಪಡೆದು ಪೇಟೆಗೆ ಹಾಕಿದರೆ, ಮಳೆಗಾಲಕ್ಕೆ ಮುಂಚೆ ಗೊಬ್ಬರ, ಮೈಲುತುತ್ತ ದಾಸ್ತಾನು ಮಾಡುವ ನಮ್ಮ ಶಕ್ತಿ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆಗ ಖಾಸಗಿ ಅಂಗಡಿ ಹೇಳಿದ್ದೇ ದರ.

ಆದುದರಿಂದ ಎರಡನ್ನೂ ಒಂದೇ ಕೊಳಗದಲ್ಲಿ ಅಳೆಯಬಾರದೆಂಬುದು ನಮ್ಮ ಅಭಿಪ್ರಾಯ. ಪೇಟೆಯಲ್ಲಿ ಷೇರು ಕೊಳ್ಳುವವರು ಮುಖಬೆಲೆ ಬಿಟ್ಟು, ತಾವು ಕೊಡುವ ಬೆಲೆಗೆ ಕಂಪನಿಯ ಗಳಿಕೆ ಎಷ್ಟೆಂದು ಕೇಳಲಿ. ಸಂಘದ ಷೇರಿನ ಫಲ ಎಷ್ಟೆಂದು ತಿಳಿಯಬೇಕಾದವರು, ಕಳೆದ ಸಾಲಿನಲ್ಲಿ ಇಲ್ಲಿ ಕೊಂಡ ಗೊಬ್ಬರದ ಬಿಲ್ಲು ಮತ್ತು ಮಾರಿದ ಅಡಿಕೆಯ ಪಟ್ಟಿಯನ್ನು ಹೊರಗಿನ ದರದೊಡನೆ ತಾಳೆ ನೋಡಲಿ. ಅಲ್ಲಿ ಉಳಿತಾಯ ಕಾಣದಿದ್ದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಲಿ. ಉತ್ತರ ಕೊಡಬೇಕಾದ್ದು ಆಡಳಿತ ಮಂಡಳಿಯ ಕರ್ತವ್ಯ.