ಸಿಂಗಪುರದ ಪಂದ್ಯ, ನಿಗಡಿಯ ಲೆಕ್ಕ



ಕಳೆದ ಸಂಚಿಕೆಯ ಈ ಪುಟದಲ್ಲಿ ಬಾಡಿಗೆ ಮನೆಯ ಕರಾರುಪತ್ರದ ವಿಷಯ ಬರೆದಿದ್ದೆ. ಈ ಸಲದ ವಿಷಯ ಅದಕ್ಕಿಂತ ತುಸು ವೇಗದ್ದು. ಗಂಟೆಗೆ 300 ಕಿಲೊಮೀಟರ್ ಓಡುವ ಮೋಟಾರುಗಳನ್ನು ನೋಡಲು ನಮ್ಮಂಥ ಸಂಬಳದ ಜನ ಪರದೇಶಕ್ಕೆ ಹೋಗಬಹುದೇ, ಹೋಗುವುದಾದರೆ ಹೇಗೆ, ಯಾವಾಗ ಎಂಬುದು.

ಪಂದ್ಯದ ಹುಚ್ಚು ನಮಗೆ ಹೊಸತೇನಲ್ಲ. ನಿಗಡಿಯಿಂದ ಚಿಖಲಿ, ಚಾಕಣದ ಕಡೆ ಹೋದರೆ ಎತ್ತಿನ ಗಾಡಿಯ ಶರ್ಯತ್ತಿನ ಮಾತು ಇಂದಿಗೂ ಚಹದ ಅಂಗಡಿಯಲ್ಲಿ ಕೇಳಿಸುತ್ತದೆ. ನಮ್ಮ ಧಾರವಾಡ ಸೀಮೆಯಲ್ಲಿ ಚಕ್ಕಡಿ ಓಟ, ಕರಾವಳಿಯಲ್ಲಿ ಕಂಬಳ. 2014ರಲ್ಲಿ ಸುಪ್ರೀಂ ಕೋರ್ಟು ಇಂಥ ಓಟಗಳನ್ನು ತಡೆದಾಗ ಊರೂರಿನ ರೈತರು ಮರುಗಿದರು. 2023ರ ಮೇ 18ರಂದು ಅದೇ ಕೋರ್ಟಿನ ಸಂವಿಧಾನ ಪೀಠ ರಾಜ್ಯಗಳ ಹೊಸ ಕಾಯಿದೆಗಳನ್ನು ಎತ್ತಿಹಿಡಿದಾಗ ಗುಲಾಲು ಹಾರಿತು. ಓಡುವುದನ್ನು ಕಂಡರೆ ನಿಂತು ನೋಡುವುದು ಮನುಷ್ಯನ ಸ್ವಭಾವ. ಎತ್ತು ಓಡಿದರೇನು, ಎಂಜಿನ್ನು ಓಡಿದರೇನು!

ಅದರಲ್ಲೂ ನಮ್ಮ ನಿಗಡಿ ಎಂಜಿನ್ನಿನ ನೆರೆಹೊರೆಯ ಊರು. ಒಂದು ಮಗ್ಗುಲಿಗೆ ಆಕುರ್ಡಿಯ ಬಜಾಜ್, ಇನ್ನೊಂದು ಮಗ್ಗುಲಿಗೆ ಪಿಂಪ್ರಿಯ ಟಾಟಾ ಮೋಟರ್ಸ್. ಹಿರಿಯರ ಬಾಯಲ್ಲಿ ಅದು ಈಗಲೂ ಟೆಲ್ಕೊ. ಈ ಕಾರಖಾನೆಗಳ ಭೋಂಗಾ ಕೇಳಿಯೇ ನಮ್ಮ ಎಷ್ಟೋ ಕನ್ನಡ ಕುಟುಂಬಗಳು ಇಲ್ಲಿಗೆ ಬಂದವು. ಹೀಗಿರುವಾಗ ಮಕ್ಕಳು ಫಾರ್ಮುಲಾ ಒನ್ ಪಂದ್ಯದ ಮಾತಾಡಿದರೆ ಆಶ್ಚರ್ಯವೇನು? ನಮ್ಮ ಮನೆಯಲ್ಲಿ ಮಾತಾಡುವವಳು ಮಗಳು. ಗೋಡೆಯ ಮೇಲೆ ನಮ್ಮ ದೇವರ ಪಟದ ಪಕ್ಕದಲ್ಲೇ ಅವಳ ಪಂದ್ಯದ ಪಟ್ಟಿಯೂ ತೂಗುತ್ತಿದೆ.

ಈ ಆಟವನ್ನು ನೋಡಲು ಪರದೇಶಕ್ಕೇ ಏಕೆ ಹೋಗಬೇಕು ಎಂದು ಕೆಲವರು ಕೇಳುವರು. ಒಂದು ಕಾಲಕ್ಕೆ ಹೋಗಬೇಕಿರಲಿಲ್ಲ. ದಿಲ್ಲಿಯ ಹತ್ತಿರ ಗ್ರೇಟರ್ ನೋಯಿಡಾದಲ್ಲಿ ಬುದ್ಧ ಸರ್ಕಿಟ್ ಎಂಬ ಐದು ಕಿಲೊಮೀಟರಿಗೂ ಮಿಕ್ಕಿದ ಹಾದಿಯನ್ನು ಕಟ್ಟಿ 2011, 2012, 2013ರಲ್ಲಿ ಫಾರ್ಮುಲಾ ಒನ್ ನಡೆಸಿದರು. ಮೂರು ಸಲವೂ ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟಲ್. ಆಮೇಲೆ ನಿಂತಿತು. ಕಾರಣ ಎಂಜಿನ್ನಲ್ಲ, ಕಾಗದ. ಉತ್ತರ ಪ್ರದೇಶ ಸರ್ಕಾರ ಇದನ್ನು ಕ್ರೀಡೆಯೆಂದು ಎಣಿಸದೆ ಮನರಂಜನೆಯೆಂದು ತೆರಿಗೆ ಕೇಳಿತು. ಆದಾಯ ತೆರಿಗೆಯ ವ್ಯಾಜ್ಯವಂತೂ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಇತ್ಯರ್ಥವಾಯಿತು. ಅಷ್ಟರಲ್ಲಿ ಗಾಡಿಗಳು ಎಷ್ಟೋ ದೂರ ಓಡಿಹೋಗಿದ್ದವು. ಫೈಲು ನಿಧಾನವಾದರೆ ಏನಾಗುವುದೆಂಬುದನ್ನು ನಮ್ಮಂಥ ಗುಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಂದ್ಯ ಹೋಯಿತೆಂದು ನಮ್ಮವರು ಸುಮ್ಮನೆ ಕೂಡಲಿಲ್ಲ. ಕೊಯಮತ್ತೂರಿನ ನಾರಾಯಣ ಕಾರ್ತಿಕೇಯನ್ 2005ರಲ್ಲೇ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯನಾದ. ಇನ್ನು ಕನ್ನಡ ನಾಡಿನ ಲೆಕ್ಕ ತೆಗೆದರೆ ಎದೆಯುಬ್ಬಿಸಿ ಹೇಳಬಹುದಾದ ಹೆಸರುಗಳೇ ಉಂಟು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ಎಂಬ ಘೋರ ಮರುಭೂಮಿಯ ಓಟವನ್ನು ಮೋಟಾರು ಸೈಕಲ್ಲಿನ ಮೇಲೆ ಪೂರೈಸಿದ. ಅದುವರೆಗೆ ಅದನ್ನು ಪೂರೈಸಿದ ಭಾರತೀಯನಿರಲಿಲ್ಲ. ಬೆಂಗಳೂರಿನವಳೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಓಟಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದಳು. 2025ರ ಮೇ 24ರಂದು ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಟು ಕಿರುಪಂದ್ಯವನ್ನು ಗೆದ್ದ ಕುಶ್ ಮೈನಿಯೂ ಬೆಂಗಳೂರಿನ ಹುಡುಗ. ಆದ್ದರಿಂದ ಮಗಳು ಈ ಆಟವನ್ನು ಪರಕೀಯವೆಂದು ಒಪ್ಪುವುದಿಲ್ಲ. ನಾನೂ ವಾದಿಸುವುದನ್ನು ಬಿಟ್ಟಿದ್ದೇನೆ.

ಇನ್ನು ಯಾವ ಊರಿನ ಪಂದ್ಯ? ಇಂಗ್ಲೆಂಡಿನ ಸಿಲ್ವರ್‌ಸ್ಟನ್ ಈ ಆಟದ ತವರುಮನೆ. ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯ 1950ರ ಮೇ 13ರಂದು ಅಲ್ಲಿಯೇ ನಡೆಯಿತು. ಮೊನಾಕೊ ಶ್ರೀಮಂತರ ಜಾತ್ರೆ. ಅಬುಧಾಬಿ ನಮಗೆ ಹತ್ತಿರ, ಆದರೆ ಅದು ಬರುವುದು ಡಿಸೆಂಬರಿನಲ್ಲಿ, ಶಾಲೆಯ ನಡುವೆ. ನಮ್ಮ ಕಣ್ಣು ಹೋದದ್ದು ಸಿಂಗಪುರದ ಮೇಲೆ. 2008ರಲ್ಲಿ ಮೊದಲಾದ ಈ ಪಂದ್ಯ ಫಾರ್ಮುಲಾ ಒನ್ ಇತಿಹಾಸದಲ್ಲೇ ಮೊದಲ ರಾತ್ರಿ ಪಂದ್ಯ. ಊರ ನಡುವಿನ ಬೀದಿಗಳಿಗೇ ಬೇಲಿ ಕಟ್ಟಿ, ಹಗಲಿನಂತೆ ದೀಪ ಹಚ್ಚಿ ಓಡಿಸುತ್ತಾರೆ. ಒಂದು ಸುತ್ತು ಸುಮಾರು ಐದು ಕಿಲೊಮೀಟರ್. 2023ರಿಂದ ಒಟ್ಟು 62 ಸುತ್ತು. ಸೆಕೆಯಂತೂ ಅಸಾಧ್ಯ. 2025ರಲ್ಲಿ ಪಂದ್ಯದ ಅಧಿಕಾರಿಗಳೇ ಸೆಕೆಯ ಅಪಾಯವುಂಟೆಂದು ವಿಧಿವತ್ತಾಗಿ ಸಾರಿದರು. ಆ ಆಟದಲ್ಲಿ ಹಾಗೆ ಸಾರಿದ್ದು ಅದೇ ಮೊದಲು. ನೋಡಲು ಹೋಗುವವರೂ ಹತ್ತಿ ಬಟ್ಟೆ, ನೀರು, ಮಳೆಯ ಅಂಗಿ ಇಟ್ಟುಕೊಳ್ಳತಕ್ಕದ್ದು.

ಊರು ಗೊತ್ತಾದ ಕೂಡಲೆ ನನ್ನಾಕೆಯ ಆಕ್ಷೇಪಣೆ ಬಂತು. ಅವಳು ನಾಲ್ಕು ಮಕ್ಕಳಿಗೆ ಗಣಿತದ ಟ್ಯೂಶನ್ ಹೇಳುವವಳು, ಆಕ್ಷೇಪಣೆಯೂ ಗಣಿತದ್ದೇ. "ನೋಡ್ರಿ, ಟೀವ್ಯಾಗ ಸಂಜೀ ಐದೂವರಿಗೆ ಪೂರಾ ಪಂದ್ಯ ಕಾಣತೈತಿ. ಅಲ್ಲಿ ಹೋದರ ನಾವು ಕುಂತಿದ್ದ ತಿರುವಷ್ಟ ಕಾಣೂದು. ಒಂದು ಗಾಡಿ ಕಣ್ಣಮುಂದ ಐದು ಸೆಕೆಂಡ್ ಇತ್ತಂತ ತಿಳೀರಿ. ಅರವತ್ತೆರಡು ಸುತ್ತಿಗೆ ಮುನ್ನೂರಾಹತ್ತು ಸೆಕೆಂಡ್. ಐದು ನಿಮಿಷ ಚಿಲ್ರೆ. ಇದಕ್ಕ ಸಮುದ್ರ ದಾಟಬೇಕೇನ್ರಿ?"

ಗುಣಾಕಾರ ಸರಿಯಾಗಿತ್ತು. ಉತ್ತರ ಕೊಟ್ಟವಳು ಮಗಳು. "ಅವ್ವಾ, ನಮ್ಮೂರ ತೇರು ಎಳಿಯೂದು ಎಷ್ಟು ಹೊತ್ತು? ಹತ್ತು ನಿಮಿಷ. ಅದಕ್ಕ ನೀ ವರ್ಷಾ ರಾತ್ರಿಯೆಲ್ಲಾ ಬಸ್ಸಿನ್ಯಾಗ ಕುಂತು ಹೋಗ್ತಿಯಲ್ಲ?" ಇದಕ್ಕೆ ಗಣಿತದಲ್ಲಿ ಉತ್ತರವಿರಲಿಲ್ಲ. ತೇರಿಗೆ ಹೋಗುವುದು ಬರಿಯ ತೇರನ್ನು ನೋಡಲಿಕ್ಕಲ್ಲ. ತೇರು ನೋಡುವ ಜನರಲ್ಲಿ ಒಬ್ಬರಾಗಲಿಕ್ಕೆ. ಆ ಮಾತಿಗೆ ಮನೆಯಲ್ಲಿ ಠರಾವು ಪಾಸಾಯಿತು.

ಠರಾವಿನ ನಂತರ ಕಾಗದಪತ್ರ. ನನ್ನಂತೆ ಕೇಂದ್ರ ಸರ್ಕಾರದ ಕಚೇರಿಯಲ್ಲಿರುವವರು ಇದನ್ನು ಗಮನವಿಟ್ಟು ಓದಬೇಕು. ಮೊದಲನೆಯದಾಗಿ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಕಚೇರಿಗೆ ಪೂರ್ವಸೂಚನೆಯ ಪತ್ರ ಕೊಟ್ಟು ಅದರ ಪ್ರತಿಯನ್ನು ಜೋಡಿಸಿದರೆ ಸಾಕಾಗುತ್ತದೆ. ಎರಡನೆಯದಾಗಿ, ಸ್ವಂತ ಕೆಲಸಕ್ಕೆ ಪರದೇಶಕ್ಕೆ ಹೋಗಲು ಅನುಮತಿ ಬೇಕು. ಅದರ ನಮೂನೆಯಲ್ಲಿ ಖರ್ಚಿನ ಅಂದಾಜನ್ನೂ ಹಣದ ಮೂಲವನ್ನೂ ಬರೆಯಬೇಕು. 2015ರ ಆಜ್ಞಾಪತ್ರದ ಪ್ರಕಾರ ಅರ್ಜಿ ಮುಟ್ಟಿದ 21 ದಿನಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ತಿಳಿಯಬಹುದು. ಆದರೂ ಲಿಖಿತ ಉತ್ತರ ಪಡೆದು ಹೊರಡುವುದೇ ಲೇಸು. ಮೂರನೆಯದಾಗಿ, ಪ್ರವಾಸ ರಿಯಾಯತಿಯ ಆಸೆ ಬೇಡ. ಸರ್ಕಾರ ನಮ್ಮನ್ನು ಕನ್ಯಾಕುಮಾರಿಯವರೆಗೆ ಕಳಿಸೀತು, ಅಲ್ಲಿಂದಾಚೆ ನಮ್ಮ ಗಂಟು ನಮ್ಮದು.

ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು; ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಆಯುಷ್ಯವಿರಬೇಕು. ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ಆಗಮನದ ಕಾರ್ಡನ್ನು ಮೊಬೈಲಿನಲ್ಲೇ ತುಂಬಬಹುದು, ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ.

ಈಗ ಹಣ. ಖಾತೆಗಳು ನಾಲ್ಕು: ವಿಮಾನ, ಪಂದ್ಯದ ಟಿಕೆಟ್ಟು, ವಸತಿ, ಊಟ-ಓಡಾಟ. ಕುಳಿತು ನೋಡುವ ಕಟ್ಟೆಯ ಟಿಕೆಟ್ಟು ತುಟ್ಟಿ. ಅಡ್ಡಾಡುತ್ತ ನಿಂತು ನೋಡುವ ಟಿಕೆಟ್ಟು ಅಗ್ಗ. ಎರಡನ್ನೂ ತಿಂಗಳುಗಟ್ಟಲೆ ಮೊದಲೇ ಮಾರಲು ತೊಡಗುತ್ತಾರೆ. ತಡಮಾಡಿದಷ್ಟೂ ಕೈ ಸುಡುತ್ತದೆ. ಎಲ್ಲಕ್ಕಿಂತ ಮೋಸದ ಖಾತೆ ವಸತಿಯದು. ಪಂದ್ಯದ ವಾರ ಹೊಟೇಲಿನ ಬಾಡಿಗೆ ಏರುವುದು ಮಾಲಿಕರ ಆಸೆಯಿಂದ ಮಾತ್ರವಲ್ಲ. ಪಂದ್ಯ ಮೊದಲಾದಾಗ ಸಿಂಗಪುರ ಸರ್ಕಾರ ಅದರ ಖರ್ಚಿಗೆಂದು ಹಾದಿಯ ಪಕ್ಕದ ಹೊಟೇಲುಗಳ ಆ ದಿನಗಳ ವರಮಾನದ ಮೇಲೆ ಶೇಕಡ 30ರಷ್ಟು, ಉಳಿದವುಗಳ ಮೇಲೆ ಶೇಕಡ 20ರಷ್ಟು ಪಟ್ಟಿ ಹಾಕಿತು. ಆದ್ದರಿಂದ ಊರ ಹೊರಗಿಳಿದು ಎಂ.ಆರ್.ಟಿ. ರೈಲಿನಲ್ಲಿ ಬರುವುದು ಜಾಣತನ. ಊಟಕ್ಕೆ ಸೆರಂಗೂನ್ ರಸ್ತೆಯ ಕಡೆ ಹೋದರೆ ಇಡ್ಲಿ-ದೋಸೆಗೆ ತೊಂದರೆಯಿಲ್ಲ. ಸಿಂಗಪುರದಲ್ಲಿ ಕನ್ನಡ ಸಂಘವೂ ಉಂಟು. ಮೊದಲೇ ಒಂದು ಓಲೆ ಬರೆದರೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದನ್ನು ನಮ್ಮವರೇ ಹೇಳಿಯಾರು.

ಮೂವರ ಖರ್ಚು ನಮ್ಮ ಅಂದಾಜಿನಲ್ಲಿ ಮೂರು ಲಕ್ಷದ ಹತ್ತಿರ ಬಂತು. ನನ್ನ ಸಂಬಳದಿಂದ ಐದು ಸಾವಿರ, ಅವಳ ಟ್ಯೂಶನ್ನಿನಿಂದ ಮೂರು ಸಾವಿರ, ತಿಂಗಳಿಗೆ ಎಂಟು ಸಾವಿರದಂತೆ ಬ್ಯಾಂಕಿನಲ್ಲಿ ಆವರ್ತ ಠೇವಣಿ ಇಟ್ಟರೆ 30 ತಿಂಗಳಿಗೆ 2,40,000 ರೂಪಾಯಿ. ಬಡ್ಡಿಯೂ ಬೋನಸ್ಸೂ ಉಳಿದದ್ದನ್ನು ತುಂಬಿಯಾವು. "ಈಗ ಹಾರಿ, ಆಮೇಲೆ ಕಟ್ಟಿ" ಎಂಬ ಕಂತಿನ ಜಾಹೀರಾತುಗಳನ್ನು ಮಗಳು ಎರಡು ಸಲ ತೋರಿಸಿದಳು. ನಾನು ಒಪ್ಪಲಿಲ್ಲ. ಮದುವೆಗೆ, ಮನೆಗೆ, ಔಷಧಕ್ಕೆ ಸಾಲ ಮಾಡಬೇಕಾದೀತು. ನೋಟಕ್ಕೆ ಸಾಲ ಮಾಡಬಾರದು. ಪಂದ್ಯ ಎರಡು ಗಂಟೆಯೊಳಗೆ ಮುಗಿಯುತ್ತದೆ, ಕಂತು ಮುಗಿಯುವುದಿಲ್ಲ.

ಇಷ್ಟೆಲ್ಲ ಬಗೆಹರಿದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. ಅದು ಹಣದ್ದಲ್ಲ, ರಜೆಯದು. ಪರಸ್ಥಳದಲ್ಲಿರುವ ಕನ್ನಡಿಗನ ರಜೆ ಅವನ ಸ್ವಂತದ್ದಲ್ಲ, ಅದು ಊರಿನದು. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಇದ್ದಾಳೆ. ದಸರೆಗೆ ಬನ್ನಿ ಕೊಡಲು ವರ್ಷವೂ ಹೋಗುತ್ತೇವೆ. ಸಿಂಗಪುರದ ಪಂದ್ಯವೂ ಅದೇ ಹೊತ್ತಿಗೆ ಬರಬೇಕೆ! 2025ರಲ್ಲಿ ಅಕ್ಟೋಬರ್ 2ಕ್ಕೆ ವಿಜಯದಶಮಿ, 5ಕ್ಕೆ ಪಂದ್ಯ. 2026ರ ಪಟ್ಟಿ ತೆಗೆದರೆ ಪಂದ್ಯದ ದಿನಗಳು ಅಕ್ಟೋಬರ್ 9, 10, 11. ಪಂಚಾಂಗ ತೆಗೆದರೆ 10ಕ್ಕೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಹಿಡಿಯುವ ದಿನ. ಆ ದಿನ ಅಪ್ಪನ ಎಡೆಯ ಮುಂದೆ ಕೂಡದೆ ಸಿಂಗಪುರದ ಕಟ್ಟೆಯ ಮೇಲೆ ಕೂಡುವುದು ನನ್ನಿಂದಾಗದು. ಆ ವರ್ಷವನ್ನು ಬಿಟ್ಟೆವು. 2027ರಲ್ಲಿ ಮಗಳಿಗೆ ಹತ್ತನೆಯ ತರಗತಿ. ಅದನ್ನು ತಾನೇ ಬಿಟ್ಟಳು. ಉಳಿದದ್ದು 2028. ಸಿಂಗಪುರದ ಒಪ್ಪಂದವಿರುವುದೂ ಅಲ್ಲಿಯವರೆಗೇ.

ಇಲ್ಲಿ ಒಂದು ಮಾತು ಮನಸ್ಸಿಗೆ ನಾಟಿತು. ಪಂದ್ಯದವರು 2028ರವರೆಗೆ ಒಪ್ಪಂದ ಮಾಡಿಕೊಂಡಿದ್ದಾರೆ. ಅವ್ವ ಯಾವ ಒಪ್ಪಂದಕ್ಕೂ ರುಜು ಹಾಕಿಲ್ಲ. ಆದ್ದರಿಂದ ಮನೆಯಲ್ಲಿ ಹೀಗೆ ಗೊತ್ತು ಮಾಡಿದೆವು: ಠೇವಣಿ ನಡೆಯಲಿ, ಪಾಸ್‌ಪೋರ್ಟು ಆಗಲಿ. ಆದರೆ ಊರಿನ ರಜೆಯನ್ನು ಪಂದ್ಯಕ್ಕಾಗಿ ಉಳಿಸುವುದಿಲ್ಲ. ವರ್ಷಕ್ಕೆ ಸಿಗುವ 30 ದಿನದ ಗಳಿಕೆ ರಜೆಯಲ್ಲಿ ಮೊದಲ ಪಾಲು ಅವ್ವನದು; ಮಿಕ್ಕಿದ್ದರಲ್ಲಿ ವರ್ಷಕ್ಕೆ ಎರಡು ಮೂರು ದಿನ ತೆಗೆದಿಟ್ಟು ಸಿಂಗಪುರಕ್ಕೆ. 2028ರ ತಾರೀಖು ದಸರೆಗೆ ಅಡ್ಡ ಬಂದರೆ ದಸರೆಯೇ ನಿಲ್ಲುವುದು. ಕೂಡಿದ ಹಣ ಆಗ ಅಬುಧಾಬಿಗಾದೀತು, ಇಲ್ಲವೆ ಮಗಳ ಕಾಲೇಜಿಗಾದೀತು.

ಮಗಳು ತುಸು ಮುಖ ಸಣ್ಣ ಮಾಡಿದಳು. ಊರಿಗೆ ಫೋನು ಹಚ್ಚಿ ಅಜ್ಜಿಗೆ ಚಾಡಿ ಹೇಳಿದಳು. ಅವ್ವ ನನ್ನನ್ನು ಕರೆದು ಅಂದದ್ದಿಷ್ಟು: "ಗಾಡಿ ಓಡೂದು ನೋಡಾಕ ಸಮುದ್ರ ದಾಟತೀರೇನ? ದಾಟ್ರಿ. ಕೂಸಿನ ಮನಸ ಮುರೀಬ್ಯಾಡ. ಬಂದ ಮ್ಯಾಲ ಏನ ನೋಡಿದಿ ಅಂತ ನನಗ ಬಂದ ಹೇಳಬೇಕು ನೋಡು, ಫೋನಿನ್ಯಾಗಲ್ಲ."

ವಾಚಕರಲ್ಲಿ ಇಂಥ ಯಾತ್ರೆಯ ಆಸೆಯುಳ್ಳವರಿಗೆ ನಾನು ಹೇಳುವುದು ಇಷ್ಟೆ. ಆಸೆಯನ್ನು ಚಿಕ್ಕದು ಮಾಡಬೇಡಿ, ಅವಸರ ಮಾತ್ರ ಬೇಡ. ಮೊದಲು ಪಂಚಾಂಗ, ಆಮೇಲೆ ಪಂದ್ಯದ ಪಟ್ಟಿ. ಮೊದಲು ಠೇವಣಿ, ಆಮೇಲೆ ಟಿಕೆಟ್ಟು. ಲೆಕ್ಕವನ್ನು ಮಕ್ಕಳ ಎದುರಿಗೇ ಹಾಕಿ. ಪಟ್ಟಿ ನೋಡಿ ತಾನೇ ಒಂದು ವರ್ಷವನ್ನು ಬಿಟ್ಟುಕೊಟ್ಟ ಹುಡುಗಿಗೆ ನಾನು ಬೇರೆ ಬುದ್ಧಿ ಹೇಳಬೇಕಾಗಿ ಬರಲಿಲ್ಲ. ನಮ್ಮ ಸಂಘದ ಕುಟುಂಬಗಳಲ್ಲಿ ಯಾರಾದರೂ ಇಂಥ ಪಂದ್ಯವನ್ನು ಕಣ್ಣಾರೆ ಕಂಡು ಬಂದಿದ್ದರೆ ದಯವಿಟ್ಟು ಈ ಪುಟಕ್ಕೆ ಬರೆಯಿರಿ. ಯಾವ ತಿರುವಿನಲ್ಲಿ ಕುಳಿತರೆ ಐದು ನಿಮಿಷ ಆರಾದೀತು ಎಂದು ನಮ್ಮ ಮನೆಯ ಗಣಿತದವರು ಕೇಳುತ್ತಿದ್ದಾರೆ.