ಅರಮನೆಯ ಪಾಕಶಾಲೆ
ಕೊರಿಯಾದ ಎಂಬಿಸಿ ವಾಹಿನಿಯಲ್ಲಿ 2003ರಿಂದ 2004ರವರೆಗೆ 54 ಕಂತುಗಳಾಗಿ ಪ್ರಸಾರವಾದ ‘ದೇ ಜಾಂಗ್ ಗುಮ್’ ಧಾರಾವಾಹಿಯನ್ನು ಆದ್ಯಂತವಾಗಿ ನೋಡಿ ಮುಗಿಸಿದ ಸಹನಶೀಲರಲ್ಲಿ ನಾನೂ ಒಬ್ಬನು. ಹಿಂದೆ ಕೊರಿಯಾವನ್ನಾಳಿದ ಜೋಸನ್ ಅರಸರ ರಾಜವೃತ್ತಾಂತದಲ್ಲಿ ವೈದ್ಯಸ್ತ್ರೀಯೊಬ್ಬಳನ್ನು ಕುರಿತು ದೊರೆಯುವ ಅತ್ಯಲ್ಪ ಉಲ್ಲೇಖಗಳ ಬೀಜದಿಂದ ಇಷ್ಟು ದೊಡ್ಡ ವೃಕ್ಷವನ್ನು ಬೆಳೆಸಿದ ನಿರ್ದೇಶಕ ಲೀ ಬ್ಯುಂಗ್ ಹೂನರ ಸಾಹಸವು ಸಾಮಾನ್ಯವಾದುದಲ್ಲ. ಪಾಕಶಾಲೆಯ ಹಿರಿಯಳಾದ ಹಾನ್, ಅನಾಥಬಾಲಿಕೆ ಜಾಂಗ್ ಗುಮಳಿಗೆ ಕುಡಿಯಲು ನೀರು ತಾರೆಂದು ಮತ್ತೆಮತ್ತೆ ಹೇಳಿ, ತಂದುದನ್ನೆಲ್ಲ ಸಾಲದೆಂಬಂತೆ ಹಿಂದಕ್ಕೆ ಕಳುಹಿಸುತ್ತಿರಲು, ಕೊನೆಗೊಮ್ಮೆ ಆ ಮಗು ನೀರನ್ನು ಮರೆತು, ಹೊಟ್ಟೆ ನೋಯುತ್ತಿದೆಯೆ, ಗಂಟಲು ನೋಯುತ್ತಿದೆಯೆ ಎಂದು ವಿಚಾರಿಸಿ, ಬೆಚ್ಚನೆಯ ನೀರಿಗೆ ಚಿಟಿಕೆ ಉಪ್ಪು ಬೆರೆಸಿ, ಚಹದಂತೆ ಮೆಲ್ಲಮೆಲ್ಲನೆ ಗುಟುಕರಿಸಬೇಕೆಂದು ನೀಡುವ ಸನ್ನಿವೇಶದಲ್ಲಿ, ಮುಂದೆ ಆಕೆ ವೈದ್ಯಳಾಗುವ ಕಥೆಯೆಲ್ಲವೂ ಅಂಕುರರೂಪದಲ್ಲಿ ಅಡಗಿದೆ. ಆದರೆ ಹಾನ್ ಗತಿಸಿ, ಕಥೆಯೂ ನಾಯಿಕೆಯೊಡನೆ ಜೇಜು ದ್ವೀಪಕ್ಕೆ ಗಡೀಪಾರಾದ ಮೇಲೆ, ಒಳಸಂಚು, ಮಿಥ್ಯಾಪವಾದ, ಕಟ್ಟಕಡೆಯ ಗಳಿಗೆಯ ಬಿಡುಗಡೆ ಎಂಬ ಗಾಣ ಸುತ್ತತೊಡಗುತ್ತದೆ. ಜಾಂಗ್ ಗುಮಳಾಗಿ ಲೀ ಯಂಗ್ ಏಯವರ ಸಂಯಮದ ಅಭಿನಯವೇನೋ ಶ್ಲಾಘ್ಯ. ಆದರೂ ಎಡವುವುದನ್ನೇ ಮರೆತಂತಿರುವ ಆ ನಾಯಿಕೆಗಿಂತ, ಮನೆತನದ ಆಜ್ಞೆಗೂ ಆತ್ಮಸಾಕ್ಷಿಗೂ ನಡುವೆ ಸಿಲುಕಿ ನವೆಯುವ ಪ್ರತಿಸ್ಪರ್ಧಿ ಗುಮ್ ಯಂಗಳೇ (ನನ್ನ ಮನೆಯಲ್ಲಿ ಇದನ್ನು ಒಪ್ಪುವವರಿಲ್ಲ) ಹೆಚ್ಚು ಮನುಷ್ಯಳಾಗಿ ನನಗೆ ಕಂಡಳು. ಪೂರ್ವಾರ್ಧವನ್ನು ಎರಡನೆಯ ಸಲವೂ ನೋಡಿದ್ದೇನೆ. ಉತ್ತರಾರ್ಧಕ್ಕೆ ಒಂದು ಸಲವೇ ಧಾರಾಳವಾಯಿತು.