ಹಸಿರು ಚುಕ್ಕಿಗೆ ಕಟ್ಟಿಹಾಕಿದ ಬೆನ್ನು (ಆಫೀಸ್ ಸರಣಿ, ಭಾಗ 4)

ನಿಜ ಹೇಳಿ, ಇವತ್ತು ಆಫೀಸಲ್ಲಿ ಎಷ್ಟು ಸಲ ಕುರ್ಚಿ ಬಿಟ್ಟು ಎದ್ರಿ? ಊಟ, ಟಾಯ್ಲೆಟ್ ಬಿಟ್ಟು ಲೆಕ್ಕ ಹಾಕಿ. 🪑

ಕೈಯಲ್ಲಿರೋ ಸ್ಮಾರ್ಟ್ ವಾಚ್ ಗಂಟೆಗೊಮ್ಮೆ ಅದುರಿ "ಎದ್ದೇಳಿ" ಅನ್ನುತ್ತೆ. ಎದ್ದು ನೀರು ಕುಡಿದು, ಒಂದು ಸುತ್ತು ಹಾಕಿ ಬರೋಷ್ಟರಲ್ಲಿ ಚಾಟ್ ಆ್ಯಪ್‌ನಲ್ಲಿ ನಿಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿ ಆಗಿರುತ್ತೆ. "ಎಲ್ಲಿದ್ದೀರಾ?" ಅಂತ ಮೆಸೇಜ್ ಬಂದಿರುತ್ತೆ. ಮುಂದಿನ ಸಲ ವಾಚ್ ಅದುರಿದ್ರೆ ಏಳೋ ಮನಸ್ಸು ಬರಲ್ಲ. ನನಗೂ ಬರ್ತಿರಲಿಲ್ಲ. ಕೊನೆಗೆ ಏಳೋಕೇ ಆಗದ ಹಾಗೆ ಬೆನ್ನು ಹಿಡ್ಕೊಂಡಾಗ ಬುದ್ಧಿ ಬಂತು.

ಒಂದು ಯಂತ್ರ ಏಳು ಅನ್ನುತ್ತೆ, ಇನ್ನೊಂದು ಎದ್ದಿದ್ದಕ್ಕೆ ಚಾಡಿ ಹೇಳುತ್ತೆ. ಇದು ನಿಮ್ಮ ಸೋಮಾರಿತನ ಅಲ್ಲ. ವಿನ್ಯಾಸದ ತಪ್ಪು.

ಒಂದು ಹಳೇ ಉದಾಹರಣೆ ಕೇಳಿ. 🚌 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿ ಮೇಲೆ ಮಾಡಿದ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ದಿನವಿಡೀ ಕೂತ ಡ್ರೈವರ್‌ಗಳಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡ್ತಿದ್ದ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಡ್ರೈವರ್‌ಗಳ ಸೊಂಟದಳತೆ ಮೊದಲೇ ಹೆಚ್ಚಿತ್ತು ಅಂತ ಆಮೇಲೆ ಗೊತ್ತಾಯ್ತು, ಹಾಗಾಗಿ ಎಲ್ಲಾ ಶ್ರೇಯಸ್ಸೂ ಮೆಟ್ಟಿಲಿಗೆ ಕೊಡೋಕಾಗಲ್ಲ. ಆದ್ರೆ ನಾನು ಹೇಳ್ತಿರೋದು ಬೇರೆ: ಆ ಕಂಡಕ್ಟರ್‌ಗೆ "ಎದ್ದೇಳಪ್ಪಾ" ಅಂತ ಯಾರೂ ಜ್ಞಾಪಿಸಬೇಕಿರಲಿಲ್ಲ. ಕೆಲಸವೇ ಅವನನ್ನ ನಡೆಸ್ತಿತ್ತು.

ಆಫೀಸ್ ತಂತ್ರಜ್ಞಾನವೂ ಹಾಗೇ ಇರಬೇಕು. 👇

▪️ ಐದು ನಿಮಿಷ ಮೌಸ್ ಅಲ್ಲಾಡದಿದ್ರೆ ಬಣ್ಣ ಬದಲಿಸೋ ಚುಕ್ಕಿ ತೆಗೀರಿ. ಕೆಲಸ ಆಯ್ತಾ ಅಂತ ನೋಡಿ, ಕೂತಿದ್ದಾರಾ ಅಂತಲ್ಲ.

▪️ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ತಾನಾಗೇ 30ರ ಬದಲು 25 ನಿಮಿಷಕ್ಕೆ ಬರಲಿ. ಸ್ಕ್ರೀನ್ ಬೇಡದ ಕರೆಗೆ "ನಡೀತಾ ಮಾತಾಡೋಣ" ಅನ್ನೋ ಆಯ್ಕೆ ಮೊದಲು ಕಾಣಲಿ.

▪️ ಎತ್ತರ ಬದಲಾಗೋ ಮೇಜು ಕೊಟ್ಟು ಕೈತೊಳ್ಕೋಬೇಡಿ. ನಿಲ್ಲೋದು ಬೇರೆ, ನಡೆಯೋದು ಬೇರೆ.

▪️ ಹೆಜ್ಜೆ ಲೆಕ್ಕ ಮ್ಯಾನೇಜರ್ ಕೈಗೆ ಹೋಗಬಾರದು. ಮಂಡಿನೋವು ಇರೋರಿಗೆ, ಗಾಲಿಕುರ್ಚಿಯಲ್ಲಿರೋರಿಗೆ ಅದು ಇನ್ನೊಂದು ಶಿಕ್ಷೆ.

ಏಳೋಕೆ ಜ್ಞಾಪನೆ ಬೇಡ ಸ್ವಾಮಿ, ಎದ್ರೆ ಬೈಯದ ಆಫೀಸ್ ಬೇಕು.

ನಿಮ್ಮ ಆಫೀಸಲ್ಲಿ ನಿಮ್ಮನ್ನ ಕುರ್ಚಿಗೆ ಕಟ್ಟಿಹಾಕಿರೋದು ಏನು? ಕಾಮೆಂಟ್‌ನಲ್ಲಿ ಬರೀರಿ. ಎದ್ದು ನಿಂತು ಬರೆದ್ರೆ ಇನ್ನೂ ಸಂತೋಷ. 🙂

#ಆಫೀಸ್‌ಸರಣಿ #ಬೆನ್ನುನೋವು #ಕನ್ನಡ